ಮನಸ್ಸಿದ್ದಷ್ಟು ದಿನ

ವೇದಿಕೆಯ ಮೇಲಿರುವ ನಮ್ಮ ಮಹಿಳಾ ಮಂಡಳದ ಅಧ್ಯಕ್ಷೆ ಪ್ರಿಯದರ್ಶನಿತಾಯಿ ಅವರೇ, ಈಗಷ್ಟೇ ಹಾರ ಹಾಕಿ ನನ್ನ ತುರುಬು ಕೆಡಿಸಿದ ಮುಖ್ಯ ಅತಿಥಿಗಳೇ, ಮುಂದಿನ ಸಾಲಿನಲ್ಲಿ ಗಡಿಯಾರ ನೋಡುತ್ತಿರುವ ನಮ್ಮ ಯಜಮಾನರೇ, ಇಚಲಕರಂಜಿಯ ಅಕ್ಕತಂಗಿಯರೇ, ಮಗ್ಗಗಳ ಮಾಲೀಕರೇ, ಮಗ್ಗ ನಡೆಸುವವರೇ, ಸಭಿಕರೇ,

ನಾನು ಮೈಕು ಹಿಡಿದದ್ದು ಇದೇ ಮೊದಲು. ಮನೆಯಲ್ಲಿ ನನಗೆ ಮೈಕಿನ ಅಗತ್ಯ ಬಿದ್ದಿಲ್ಲ. ಬೇಕಿದ್ದರೆ ಯಜಮಾನರನ್ನು ಕೇಳಿ. ಸೂರ್ಯ ಮುಳುಗುವುದರೊಳಗೆ ಊಟ ಮುಗಿಸಬೇಕಾದ ಜೈನ ಮಂದಿ ಇಲ್ಲಿ ಬಹಳ ಇದ್ದೀರಿ, ನಾನೂ ಅವರಲ್ಲಿ ಒಬ್ಬಳು. ಆದ್ದರಿಂದ ಭಾಷಣ ಉದ್ದವಾಗುವ ಭಯ ಬೇಡ.

ಈಗ ನಮ್ಮ ಮಂಡಳದ ವೃಷಾಲಿ ನನ್ನ ಮಾನಪತ್ರ ಓದಿದಳು. ಬಹಳ ಚೆನ್ನಾಗಿ ಓದಿದಳು. "ಬ್ಯಾಂಕಿನ ನೌಕರಿಯನ್ನು ತ್ಯಾಗ ಮಾಡಿ, ಸ್ವಂತ ಆಸೆಗಳನ್ನು ತ್ಯಾಗ ಮಾಡಿ, ಮಕ್ಕಳಿಗಾಗಿ ಇಡೀ ಬದುಕನ್ನೇ ತ್ಯಾಗ ಮಾಡಿದ ಆದರ್ಶ ಮಾತೆ ಶ್ರೀಮತಿ ಜಿನಮತಿ." ಮೂರು ಸಲ ತ್ಯಾಗ! ಯಾರಪ್ಪಾ ಈ ಪುಣ್ಯಾತ್ಮಳು ಎಂದು ನಾನೇ ಹಿಂದೆ ತಿರುಗಿ ನೋಡಿದೆ. ನಮ್ಮಲ್ಲಿ ತ್ಯಾಗ ಅನ್ನುವುದು ಸಣ್ಣ ಮಾತೇನು? ಮನೆ ಬಿಟ್ಟು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ನಡೆದು ಬರುವ ಮುನಿಗಳ ಕಾಲು ತೊಳೆಯುವ ಜನ ನಾವು. ನಾನು ಇಲ್ಲಿಯವರೆಗೆ ತ್ಯಾಗ ಮಾಡಿದ್ದು ಬಟಾಟೆಯೊಂದೇ. ಅದೂ ಚಾತುರ್ಮಾಸಕ್ಕೆ ಮಾತ್ರ. ಅದು ಮುಗಿಯುವ ವಾರದಲ್ಲಿ ನನ್ನ ಧ್ಯಾನವೆಲ್ಲ ಬಟಾಟೆಯ ಮೇಲೆಯೇ ಇರುತ್ತದೆ.

ನೌಕರಿಯ ಮಾತಿಗೆ ಬರುತ್ತೇನೆ. ನಾನು ಗಡಹಿಂಗ್ಲಜದವಳು, ಅಪ್ಪ ಮೆಣಸಿನಕಾಯಿ ವ್ಯಾಪಾರಿ. ಕೊಲ್ಹಾಪುರದಲ್ಲಿ ಬಿ.ಕಾಂ. ಮಾಡಿ ಬ್ಯಾಂಕು ಸೇರಿದೆ. ಎಂಥ ನೌಕರಿ ಬಿಟ್ಟಳು ಎಂದು ಊರೆಲ್ಲ ಹೊಗಳುತ್ತದೆ. ನಿಜ ಹೇಳಲೇ? ಆ ಕೌಂಟರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಸಂಜೆಯ ಲೆಕ್ಕ ಒಂದು ದಿನವೂ ಒಂದೇ ಸಲಕ್ಕೆ ಕೂಡಿದ್ದಿಲ್ಲ. ನನ್ನ ಮಗ ವೈಭವ ಹುಟ್ಟಿದ ಮೇಲೆ ನಮ್ಮ ಅತ್ತೆ ಕರೆದು ಕೂಡಿಸಿಕೊಂಡು ಕೇಳಿದರು. "ಜಿನಮತಿ, ನೌಕರಿಗಿ ಹೋಗ್ತೀಯೇನ, ಮನ್ಯಾಗ ಇರ್ತೀಯೇನ? ನಿನ್ನ ಮನಸ್ಸಿನ್ಯಾಗ ಏನೈತಿ ಅದನ್ನ ಹೇಳ." ನಾನು ತಲೆ ಬಗ್ಗಿಸಿ, "ಕೂಸಿನ ಸಲುವಾಗಿ ಮನ್ಯಾಗ ಇರ್ತೀನ್ರಿ ಅತ್ತಿ" ಎಂದೆ. ಎಷ್ಟು ದೊಡ್ಡ ಮನಸ್ಸು ಎಂದು ನಾದಿನಿಯರೆಲ್ಲ ಕಣ್ಣು ಒರೆಸಿಕೊಂಡರು. ನಾನು ಕೋಣೆಗೆ ಹೋಗಿ, ಬಾಗಿಲು ಹಾಕಿ, ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಕುಣಿದೆ. ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ, ಯಜಮಾನರು ನೋಡಿದರು. ಸಾಕ್ಷಿ ಇಲ್ಲೇ ಕೂತಿದ್ದಾರೆ.

ಆಮೇಲಿನ ವರ್ಷಗಳನ್ನು ಏನೆಂದು ಹೇಳಲಿ! ಅಡಿಗೆಗೆ ಒಬ್ಬರು, ಭಾಂಡೆ ತಿಕ್ಕಲು ಒಬ್ಬರು, ಕಾಯಿಪಲ್ಯೆ ತರಲು ಡ್ರೈವರು. ನನಗೆ ಏನು ಕೆಲಸ? ನನ್ನ ಮಗ. ಅವನಿಗೆ ಪ್ರತಿ ತುತ್ತಿಗೂ ಮನೆಯ ಸುತ್ತ ಒಂದು ಓಟ ಬೇಕಿತ್ತು. ಅವನ ಹಿಂದೆ ತಟ್ಟೆ ಹಿಡಿದು ನಾನೂ ಓಡಿದೆ. ನಾನು ತೆಳ್ಳಗಿದ್ದದ್ದು ಅದೊಂದೇ ಕಾಲ. ಅವನ ಮೊದಲ ಹೆಜ್ಜೆಯನ್ನು ನಾನು ಕಣ್ಣಾರೆ ನೋಡಿದೆ. ಹೆಜ್ಜೆ ಹಾಕಿದ್ದು ಬೆಕ್ಕಿನ ಕಡೆಗೆ, ನನ್ನ ಕಡೆಗಲ್ಲ. ಇರಲಿ, ನೋಡಿದೆನಲ್ಲ! ಅವನು ಮೊದಲು ನನಗೆ "ಆಯಿ" ಅಂದದ್ದು ಮಧ್ಯಾಹ್ನದ ಹೊತ್ತು. ಬ್ಯಾಂಕಿನಲ್ಲೇ ಇದ್ದಿದ್ದರೆ ಆ ಹೊತ್ತಿಗೆ ನಾನು ಯಾರದೋ ಚೆಕ್ಕಿಗೆ ಸಿಕ್ಕೆ ಒತ್ತುತ್ತಿರುತ್ತಿದ್ದೆ. ಭಾಳ ಸುಖಪಟ್ಟಿದ್ದೇನೆ, ತಾಯಂದಿರೇ. ಇದಕ್ಕೆ ತ್ಯಾಗ ಅನ್ನುವುದಾದರೆ ಶ್ರೀಖಂಡ ತಿನ್ನುವುದಕ್ಕೆ ಉಪವಾಸ ಅನ್ನಬೇಕಾಗುತ್ತದೆ.

ಈಗ ಹೋದ ತಿಂಗಳಿನ ಒಂದು ಮಾತು. ನಮ್ಮ ಸೊಸೆ ಹಲ್ಲಿನ ಡಾಕ್ಟರು. ಆಕೆಗೆ ಹೆಣ್ಣು ಕೂಸು ಹುಟ್ಟಿತು. ಆ ಹಿಗ್ಗಿನಲ್ಲಿ ನಾನೇ ನಮ್ಮ ಮಗ್ಗದ ಶೆಡ್ಡಿಗೆ ಹೋಗಿ ಎಲ್ಲರಿಗೂ ಪೇಡೆ ಹಂಚಿದೆ. ಅಲ್ಲಿ ಕಾಂಡಿ ಮಶೀನಿನ ಮೇಲೆ ನೂಲು ಸುತ್ತುವ ಸುವರ್ಣಾ ಇದ್ದಾಳೆ. ಇವತ್ತು ಮೂರನೆಯ ಸಾಲಿನಲ್ಲಿ ಕೂತಿದ್ದಾಳೆ, ಹಸಿರು ಸೀರೆ. ಅವಳಿಗೂ ದಿನ ತುಂಬುತ್ತ ಬಂದಿವೆ. ಪೇಡೆ ಬಾಯಿಗೆ ಹಾಕಿಕೊಂಡು ಕೇಳಿದಳು. "ವೈನೀ, ನಿಮ್ಮ ಸೊಸಿಯವರು ಇನ್ನ ಎಷ್ಟ ದಿನಾ ಮನ್ಯಾಗ ಇರ್ತಾರ್ರಿ?"

ನಾನು ಹೇಳಿದೆ, "ಅಕೀ ಮನಸ್ಸಿದ್ದಷ್ಟ ದಿನಾ."

ಸುವರ್ಣಾ ಪೇಡೆ ನುಂಗಿ ಕೇಳಿದಳು. "ಮನಸ್ಸಿದ್ದಷ್ಟ ಅಂದ್ರ ಎಷ್ಟರಿ?"

ವ್ಯಂಗ್ಯವಲ್ಲ, ಸಭಿಕರೇ. ಹುಡುಗಿ ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದಳು. ಪೇಡೆಯ ಡಬ್ಬಿ ಕೆಳಗಿಟ್ಟೆ. ಅವಳ ಪಕ್ಕದಲ್ಲೇ ಕೂತೆ. ಆಗ ಅವಳು ನಗುನಗುತ್ತ ತನ್ನ ಮಗಳ ಸುದ್ದಿ ಹೇಳಿದಳು. ಮಗಳ ಹೆಸರು ಮಯೂರಿ, ನಾಲ್ಕು ವರ್ಷ. ಹೆತ್ತ ತಿಂಗಳಿಗೇ ಸುವರ್ಣಾ ಮಶೀನಿಗೆ ಮರಳಿದ್ದರಿಂದ ಕೂಸು ದತ್ತವಾಡದಲ್ಲಿ ಅಜ್ಜಿಯ ಹತ್ತಿರ ಬೆಳೆದಿದೆ. ಮೊನ್ನೆ ಸೂಟಿಯ ದಿನ ಸುವರ್ಣಾ ಬಿಸ್ಕೀಟು ತೆಗೆದುಕೊಂಡು ಹೋದರೆ, ಅಂಗಳದಲ್ಲಿ ಆಡುತ್ತಿದ್ದ ಮಗು ಒಳಗೆ ಓಡಿ ಅಜ್ಜಿಗೆ ಕೂಗಿ ಹೇಳಿತಂತೆ, "ಯವ್ವಾ, ಸುವರ್ಣಾ ಬಂದಾಳ!"

ಹೇಳಿ ನಕ್ಕಳು. ನಾನೂ ನಗಲು ಹೋದೆ, ಆಗಲಿಲ್ಲ. "ಹೊಟ್ಟ್ಯಾಗಿನ ಕೂಸನ್ನೂ ಅಲ್ಲೇ ಕಳಸೂದ್ರಿ ವೈನಿ, ಇನ್ನೇನ ಮಾಡೂದು" ಎಂದಳು. ಮಶೀನು ಚಾಲೂ ಮಾಡಿದಳು. ಈ ಮಾತನ್ನು ಇಲ್ಲಿ ಹೇಳಲಾ ಎಂದು ನಿನ್ನೆ ಅವಳನ್ನೇ ಕೇಳಿದ್ದೇನೆ. "ಹೇಳ್ರಿ, ಖರೇನ ಐತೆಲಾ" ಎಂದಳು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. "ರೀ, ಹೆರಿಗ್ಯಾದ ಹೆಣ್ಮಕ್ಕಳನ್ನ ಪಗಾರ ಕೊಟ್ಟ ಮನ್ಯಾಗ ಕುಂದರಸೂಣು." ಯಜಮಾನರು, "ನೋಡೂಣು" ಎಂದರು. ಅಕ್ಕತಂಗಿಯರೇ, ಗಂಡಸರ ನೋಡೂಣು ನಿಮಗೆ ಗೊತ್ತಿಲ್ಲವೇ? ನಮ್ಮ ಬಚ್ಚಲಮನೆಯ ನಳ ವರ್ಷದಿಂದ ನೋಡೂಣು ಎಂದೇ ತೊಟ್ಟಿಕ್ಕುತ್ತಿದೆ. ದಿನಾ ಕೇಳಿದೆ. ದಿನಾ ನೋಡೂಣು. ಅಷ್ಟರಲ್ಲಿ ಈ ಸನ್ಮಾನದ ಕರೆ ಬಂತು. ಮೈಕು ಕೊಡುತ್ತೀರಾ ಎಂದು ಪ್ರಿಯದರ್ಶನಿತಾಯಿಯನ್ನು ಮೊದಲೇ ಕೇಳಿಕೊಂಡೆ.

ಏಕೆಂದರೆ ಬಸದಿಯಲ್ಲಿ ನಾವು ಸವಾಲು ಕೂಗುತ್ತೇವೆ, ಗೊತ್ತಲ್ಲ? ಮೊದಲ ಅಭಿಷೇಕ ಯಾರದು ಎಂದು ಕೂಗಿದಾಗ ಒಬ್ಬರಿಗಿಂತ ಒಬ್ಬರು ಹೆಚ್ಚು ರೊಕ್ಕ ಹೇಳುತ್ತಾರೆ. ಕಡೆಗೆ ಹೆಚ್ಚು ಹೇಳಿದವರದು ಆ ಮಾನ. ಸಭೆಯಲ್ಲಿ ಬಾಯಿಂದ ಬಂದ ಮಾತನ್ನು ಯಾರೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಹಾಗಾದರೆ ನಾನೂ ಇವತ್ತು ಒಂದು ಸವಾಲು ಕೂಗುತ್ತೇನೆ. ರೊಕ್ಕದ್ದಲ್ಲ, ತಿಂಗಳಿನದು. ನಿಮ್ಮ ಶೆಡ್ಡಿನಲ್ಲಿ ದುಡಿಯುವ ತಾಯಿ ತನ್ನ ಕೂಸಿನೊಂದಿಗೆ ಪೂರ್ತಿ ಪಗಾರದಲ್ಲಿ ಮನೆಯಲ್ಲಿರಲು ಎಷ್ಟು ತಿಂಗಳು ಕೊಡುತ್ತೀರಿ? ಎಂದಿನಿಂದ ಎನ್ನುವುದನ್ನು ಅವಳೇ ಹೇಳಬೇಕು. ನಾನು ಒಂದರಿಂದ ಶುರು ಮಾಡುತ್ತೇನೆ. ಒಂದು ತಿಂಗಳು! ಯಾರಿದ್ದೀರಿ?

ಏನಿದು, ಫ್ಯಾನಿನ ಸದ್ದು ಕೇಳಿಸುತ್ತಿದೆ? ರೀ, ನೆಲ ನೋಡಬೇಡಿ.

ಕಾಕಾಸಾಹೇಬಣ್ಣಾ, ತುಟಿ ಅಲ್ಲಾಡಿತು. ಏನಂದಿರಿ? ಎರಡು! ಕಾಕಾಸಾಹೇಬಣ್ಣನವರದು ಎರಡು! ನೋಡಿ, ನಮ್ಮ ಯಜಮಾನರು ಬಹಳ ಶಾಂತ ಸ್ವಭಾವದವರು. ಆದರೆ ಸವಾಲಿನಲ್ಲಿ ಅವರ ದೊಡ್ಡಪ್ಪನ ಮಗ ಈ ಕಾಕಾಸಾಹೇಬಣ್ಣ ಬಾಯಿ ತೆರೆದರೆಂದರೆ... ಅಗೋ, ನಮ್ಮ ಯಜಮಾನರು ಎದ್ದರು! ಮೂರು! ಅಣ್ಣನ ಮನೆಯವರೇ, ನೀವು ಮೊಣಕೈಯಿಂದ ತಿವಿದದ್ದು ನನಗೆ ಇಲ್ಲಿಂದ ಕಂಡಿತು, ಇನ್ನೊಮ್ಮೆ ತಿವಿಯಿರಿ. ನಾಲ್ಕು! ಅಣ್ಣನವರದು ನಾಲ್ಕು! ರೀ, ಆ ಬೆರಳು ಎಷ್ಟು? ಒಂದು ಕೈ ಪೂರ್ತಿ, ಇನ್ನೊಂದರಲ್ಲಿ ಒಂದು. ಆರು! ನನ್ನ ಬಂಗಾರದಂಥಾ ಗಂಡಾ, ಆರು ತಿಂಗಳು! ಆರು, ಒಂದ ಸಲ. ಆರು, ಎರಡ ಸಲ. ಅಣ್ಣನವರು ನೀರು ಕುಡಿಯುತ್ತಿದ್ದಾರೆ. ಆರು, ಮೂರ ಸಲ!

ಚಪ್ಪಾಳೆ ಸ್ವಲ್ಪ ತಡೆಯಿರಿ. ಕಾಕಾಸಾಹೇಬಣ್ಣಾ, ಪಾರಾದೆ ಅನ್ನುವ ಮುಖ ಮಾಡಬೇಡಿ. ಬಸದಿಯಲ್ಲಿ ಸೋತವರು ಕೈಬೀಸಿ ಮನೆಗೆ ಹೋಗಬಹುದು. ಇಲ್ಲಿ ಕೂಗಿದವರು ಕೂಗಿದಷ್ಟು ಕೊಡಬೇಕು. ನಿಮ್ಮ ಶೆಡ್ಡಿಗೆ ನಾಲ್ಕು, ನಮ್ಮದಕ್ಕೆ ಆರು. ಆರು ತಿಂಗಳಾದ ಮೇಲೆ ಏನು ಎಂದು ಹಿಂದಿನಿಂದ ಯಾರೋ ಕೇಳುತ್ತಿದ್ದೀರಿ. ಅಷ್ಟರೊಳಗೆ ನಾನು ಇನ್ನೊಂದು ಮೈಕು ಹುಡುಕುತ್ತೇನೆ.

ಆದರೆ ನಾವು ನಾವೇ ಕೂಗಾಡಿದೆವು. ಮನೆಯಲ್ಲಿ ಇರಬೇಕಾದವಳನ್ನು ಯಾರಾದರೂ ಕೇಳಿದೆವೇ? ನಮ್ಮ ಅತ್ತೆ ನನ್ನನ್ನು ಕೇಳಿದ್ದರು. ಅದಕ್ಕೇ ನಾನು ಕುಣಿದದ್ದು. ಸುವರ್ಣಾ, ಎದ್ದ ನಿಂದರವಾ. ಆರು ತಿಂಗಳ ಮನ್ಯಾಗ ಇರಾಕ ನಿನಗ ಮನಸ್ಸ ಐತೇನ? ಕಾಂಡಿಗೇ ಬರ್ತೀನಿ ಅಂದ್ರೂ ಯಾರೂ ಏನೂ ಅನ್ನೂದಿಲ್ಲ. ಯಾವತ್ತಿಂದ ಬೇಕ, ನೀನ ಹೇಳ.

ಹಿಂದಿನವರಿಗೆ ಕೇಳಿಸಲಿಲ್ಲ, ನಾನು ಹೇಳುತ್ತೇನೆ. "ಇವತ್ತಿಂದ್ರಿ" ಅಂದಳು.

ಏ ಹುಡುಗಿ, ಅತ್ತ ಎಲ್ಲಿ ಹೊಂಟಿ? ಕಾರ್ಯಕ್ರಮ ಇನ್ನೂ ಮುಗಿದಿಲ್ಲ! ಏನು? ಜೋರಾಗಿ ಹೇಳ.

ಸಭಿಕರೇ, ಅವಳು ದತ್ತವಾಡಕ್ಕೆ ಹೊರಟಿದ್ದಾಳೆ. "ಮಯೂರಿನ್ನ ಮನಿಗಿ ಕರಕೊಂಡ ಬರ್ತೀನ್ರಿ, ತಮ್ಮನೋ ತಂಗಿನೋ ಹುಟ್ಟೂದರಾಗ ಅಕಿ ನನಗ ಅವ್ವಾ ಅನ್ನೂದ ಕಲೀಬೇಕಲ್ರಿ" ಅನ್ನುತ್ತಿದ್ದಾಳೆ.

ದಾರಿ ಬಿಡಿ, ಬಾಗಿಲ ಹತ್ತಿರ ನಿಂತವರು ದಾರಿ ಬಿಡಿ. ಹೊಟ್ಟೆ ಹೊತ್ತ ಹುಡುಗಿ ಬಸ್ಸಿಗೆ ನಿಲ್ಲುವುದು ಬೇಡ. ರೀ, ಗಾಡಿ ಕೀಲಿ ಕೊಡ್ರಿ, ನಾನೂ ಹೊಂಟೀನಿ. ಪ್ರಿಯದರ್ಶನಿತಾಯಿ, ಅಧ್ಯಕ್ಷರ ಮಾತು ಕೇಳದೆ ಎದ್ದು ಹೋಗುತ್ತಿರುವುದಕ್ಕೆ ಸಿಟ್ಟಾಗಬೇಡಿ. ಸನ್ಮಾನ ಮಾಡಿದ ನಿಮಗೆ, ಮಾನಪತ್ರ ಬರೆದವರಿಗೆ, ಎರಡು ಅಂದವರಿಗೆ, ಆರು ಅಂದವರಿಗೆ, ಮೊಣಕೈಯಿಂದ ತಿವಿದವರಿಗೆ, ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ. ಸುವರ್ಣಾ, ನಿಲ್ಲ, ಬಂದೆ. ನಮಸ್ಕಾರ.