ಕಿವಿ ಕತ್ತರಿಸದ ಟಗರು

ಚಿಕ್ಕಕ್ಕ, ಗಂಡ ದೊಡ್ಡೀರಪ್ಪ, ವಯಸ್ಸು 46 ವರ್ಷ, ಕುರಿ ಸಾಕಣೆ ಮತ್ತು ಕೂಲಿ ಕೆಲಸ, ವಾಸ ದೊಡ್ಡಉಳ್ಳಾರ್ತಿ ಗ್ರಾಮ, ಚಳ್ಳಕೆರೆ ತಾಲ್ಲೂಕು. ಈ ದಿನ ಠಾಣೆಗೆ ಹಾಜರಾಗಿ, ನಿನ್ನೆ ಕೊಟ್ಟ ದೂರಿನ ಮುಂದುವರಿದ ಹೇಳಿಕೆಯಾಗಿ ಬರೆಸುವುದೇನೆಂದರೆ:

ನಮಗೆ ಕುರಿ ಹಿಂಡು ಇರುತ್ತದೆ. ಅದರಲ್ಲಿ ಗುಂಡ ಎಂಬ ಕಪ್ಪು ಟಗರಿನ ತಾಯಿ ಈದ ದಿನವೇ ಸತ್ತಿದ್ದರಿಂದ ನಾನು ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ ಮನೆಯೊಳಗೆ ಬೆಳೆಸಿರುತ್ತೇನೆ. ಯಾರ ಕುರಿ ಎಂದು ಗೊತ್ತಾಗಲು ಮರಿಯ ಕಿವಿಯಂಚು ಕತ್ತರಿಸುವುದು ನಮ್ಮ ಕಡೆಯ ವಾಡಿಕೆ. ಗುಂಡನ ಕಿವಿಗೆ ಕತ್ತರಿ ಹಾಕಲು ಮನಸ್ಸು ಬರಲಿಲ್ಲ. ಉಳಿದವಕ್ಕೆಲ್ಲ ನಾನೇ ಹಾಕಿರುತ್ತೇನೆ.

ಮೊನ್ನೆ ಸಂಜೆ ಮೇಯಲು ಬಿಡುವ ಹುಲ್ಲುಗಾವಲಿನಿಂದ ಹಿಂಡು ಬಂದಾಗ ಗುಂಡ ಇರಲಿಲ್ಲ. ಹುಡುಕಿದರೂ ಸಿಗದ ಕಾರಣ, ಕಳವಾಗಿದೆ ಎಂದು ದೂರು ಕೊಟ್ಟೆನು. ಈ ದಿನ ಬೆಳಿಗ್ಗೆ 7 ಗಂಟೆಗೆ ನಮ್ಮೂರ ಓಬಯ್ಯ ದೂರಿನ ಸುದ್ದಿ ಕೇಳಿ ತಾನಾಗಿ ಬಂದು, ಟಗರು ತನ್ನ ಹಿಂಡಿಗೆ ಸೇರಿತ್ತೆಂದೂ, ಕಿವಿ ಗುರುತಿಲ್ಲದ್ದರಿಂದ ಸಂತೆಯಲ್ಲಿ ಹೊಸದಾಗಿ ಕೊಂಡವುಗಳಲ್ಲಿ ಒಂದೆಂದು ತಿಳಿದು ಬಿ.ಜಿ. ಕೆರೆಯ ಚಿನ್ನಯ್ಯನಿಗೆ ಮಾರಿದೆನೆಂದೂ ಹೇಳಿದನು. ಚಿನ್ನಯ್ಯನ ಮೊಮ್ಮಗನ ಕೂದಲು ತೆಗೆಸುವ ಕಾರ್ಯದ ಊಟ ಇವತ್ತೇ ಎಂದನು. "ಕಿವಿ ಕತ್ತರಿಸದೆ ಮುದ್ದು ಮಾಡಿದ್ರೆ ನನಗೆಂಗೆ ಗೊತ್ತಾಗ್ತೈತೆ ಚಿಕ್ಕಕ್ಕ?" ಎಂದು ನನ್ನನ್ನೇ ಬೈದನು. ಅವನ ಬೈಕಿನಲ್ಲೇ ಹೊರಟೆವು.

ಅಲ್ಲಿಗೆ ಹೋದಾಗ ಮಸಾಲೆ ಅರೆಯುತ್ತಿದ್ದರು. ಹಿತ್ತಲಲ್ಲಿ ಕಟ್ಟಿದ್ದ ಗುಂಡ ನನ್ನ ದನಿ ಕೇಳಿ ಹಗ್ಗ ಜಗ್ಗಿತು. ವಿಷಯ ತಿಳಿಸಿದೆವು. ನೆಂಟರು ಬಂದಾಗಿದೆ, ಈಗ ಏನು ಬೇಯಿಸಲಿ ಎಂದು ಚಿನ್ನಯ್ಯ ಕೇಳಿದನು. "ಏನಮ್ಮಾ, ನೀನು ಬಾಡು ತಿನ್ನಲ್ವಾ?" ಎಂದನು. ತಿಂತೀನಣ್ಣ, ಇವನನ್ನ ತಿನ್ನಲ್ಲ ಎಂದೆನು. ನೆರೆದವರು ನಕ್ಕರು. ಅವನೂ ನಕ್ಕು, ಹಂಗಾದ್ರೆ ಇವನಷ್ಟೇ ತೂಕದ್ದು ಇನ್ನೊಂದು ತರಿಸು ಎಂದನು.

ನನ್ನ ಗಂಡನಿಗೆ ಫೋನ್ ಮಾಡಿದೆನು. ಅವರು ನಮ್ಮ ಹಿಂಡಿನ ಇನ್ನೊಂದು ಟಗರನ್ನು ಗೂಡ್ಸ್ ಆಟೋದಲ್ಲಿ ತಂದರು. ಅದು ಗುಂಡನಿಗಿಂತ ದಪ್ಪವಿತ್ತು. ಅದನ್ನು ಕೊಟ್ಟು ಗುಂಡನನ್ನು ಬಿಡಿಸಿಕೊಂಡೆನು. ಅದಕ್ಕೆ ಪ್ರತಿಯಾಗಿ ಓಬಯ್ಯ ತನ್ನ ಹಿಂಡಿನಿಂದ ನಮಗೊಂದು ಟಗರು ಕೊಡಲು ಒಪ್ಪಿರುತ್ತಾನೆ. ಉಣ್ಣದೆ ಹೋಗಬೇಡಿ ಎಂದು ಚಿನ್ನಯ್ಯನ ಮನೆಯವರು ಒತ್ತಾಯ ಮಾಡಿದ್ದರಿಂದ ಮೂವರೂ ಊಟ ಮಾಡಿದೆವು. ಊಟ ತಡವಾದರೂ ಚೆನ್ನಾಗಿತ್ತು.

ಗುಂಡ ಈಗ ಠಾಣೆಯ ಮುಂದೆ ಆಟೋದಲ್ಲಿ ಇರುತ್ತದೆ. ನನಗೆ ಯಾರ ಮೇಲೂ ದೂರು ಇರುವುದಿಲ್ಲ.

ಬದಲಿಗೆ ಕೊಟ್ಟ ಟಗರಿನ ವಿವರ ಕೇಳಲಾಗಿ: ಕಂದು ಬಣ್ಣ, ವಯಸ್ಸು ಎರಡು ವರ್ಷ, ಹೆಸರು ಇಟ್ಟಿರುವುದಿಲ್ಲ.

ಬರೆದದ್ದನ್ನು ಓದಿಸಿ ಕೇಳಿದೆನು. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಚಳ್ಳಕೆರೆ
ದಿನಾಂಕ: 16-02-2025
ಸಹಿ: ಚಿಕ್ಕಕ್ಕ