ಕಳಿಸಿದೆ ಎಂದ ಕಪ್ಪು ಪರದೆ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಕ್ಕ ತಮ್ಮ ಕುಳಿತಿದ್ದರು. ಅಕ್ಕನ ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು. ರಕ್ತಪರೀಕ್ಷೆ ಲ್ಯಾಬಿನ ಬಿಳಿ ಕೋಟು ತೊಟ್ಟಿದ್ದ ತಮ್ಮ ರಿಪೋರ್ಟುಗಳ ಕಾಗದದ ಕಟ್ಟೊಂದನ್ನು ಎದೆಗವಚಿಕೊಂಡಿದ್ದ.

“ಆ ಕಪ್ಪು ಪರದೆ ಮೇಲೆ ಕಮಾಂಡ್ ಕೊಟ್ಟಾಗಲೆಲ್ಲ ನಿನ್ನ ಪ್ರೋಗ್ರಾಮು ‘ಕಳಿಸಿದೆ’ ಅಂತಲೇ ತೋರಿಸ್ತು. ಮೂರು ದಿನದಿಂದ ಆಸ್ಪತ್ರೆಗೆ ಒಂದು ರಿಪೋರ್ಟೂ ಹೋಗಿಲ್ಲ, ಅಕ್ಕಾ.”

“ಆಸ್ಪತ್ರೆಯವರು ಕೊಟ್ಟಿದ್ದ ಕೀ, ಅದೇ ಪಾಸ್‌ವರ್ಡ್ ಥರದ್ದು, ಅದರ ಅವಧಿ ಮುಗಿದಿದೆ ಕಣೋ. ಅವರ ಸರ್ವರ್ ಒಳಗೇ ಬಿಟ್ಟುಕೊಂಡಿಲ್ಲ.”

“ಅದನ್ನ ನನಗೆ ಹೇಳಬೇಕಿತ್ತಲ್ಲ!”

“ಏನೇ ಎರರ್ ಬಂದ್ರೂ ತೋರಿಸಬೇಡ ಅಂತ ನಾನೇ ಬರೆದಿದ್ದೆ. ಕೆಂಪಕ್ಷರ ಕಂಡರೆ ಸಾಕು, ನೀನು ಫೋನ್ ಮಾಡಿ ತಲೆ ತಿಂತಿದ್ದೆ.”

“ವಾರ್ಡಿನ ನರ್ಸು ಎರಡು ಸಲ ಕೇಳಿದ್ರು. ಕಳಿಸಿದ್ದೀನಿ, ಕಣ್ಣು ಬಿಟ್ಟು ನೋಡಿ ಅಂತ ರೇಗಿಬಿಟ್ಟೆ.”

ಅಕ್ಕ ಲ್ಯಾಪ್‌ಟಾಪಿನಲ್ಲಿ ಬೇಗಬೇಗ ಟೈಪ್ ಮಾಡತೊಡಗಿದಳು.

“ಎಂಟನೇ ಬೆಡ್ಡಿನ ಹುಡುಗಿಗೆ ಔಷಧ ಬದಲಾಯಿಸೋಕೆ ಡಾಕ್ಟ್ರು ಇದಕ್ಕೇ ಕಾಯ್ತಿದ್ರಂತೆ.”

“ಹೊಸ ಕೀ ಹಾಕಿದೀನಿ, ಆದ್ರೆ ಬಸ್ಸಲ್ಲಿ ನೆಟ್ ಸಿಗ್ತಿಲ್ಲ, ಈಗ ಕಾಗದಾನೇ ಕೊಡೋಣ. ಇನ್ಮೇಲೆ ಎರರ್ ಆದ್ರೆ ಹೀಗೆ ಬರುತ್ತೆ, ಓದು.”

ತಮ್ಮ ಬಗ್ಗಿ ಓದಿದ. “‘ಕೀ ಅವಧಿ ಮುಗಿದಿದೆ. ರಿಪೋರ್ಟು ಹೋಗಿಲ್ಲ, ಇಲ್ಲೇ ಜೋಪಾನವಾಗಿದೆ. ಹೊಸ ಕೀ ಹಾಕಿ ಮತ್ತೆ ಕಳಿಸಿ.’ ಮುಗಿಯೋಕೆ ವಾರ ಇರುವಾಗಲೂ ಹೇಳಲಿ.”

“ಹೇಳಿಸ್ತೀನಿ.”

“ಕೆಳಗೆ ನಿನ್ನ ನಂಬರೂ ಹಾಕು.”

“ಹಾಕ್ತೀನಿ.”

“ಫೋನ್ ಎತ್ತುತ್ತೀಯಾ?”

ಆಸ್ಪತ್ರೆಯ ಸ್ಟಾಪು ಬಂತು. ಅಕ್ಕ ಲ್ಯಾಪ್‌ಟಾಪ್ ಮುಚ್ಚಿ, ಅವನ ಕೈಯಿಂದ ಕಾಗದದ ಕಟ್ಟನ್ನು ಕಿತ್ತುಕೊಂಡು, ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದು ಓಡಿದಳು.