ಅಕ್ಕ ಉಪವಾಸ ಕೂತ ಕೋಣೆಯ ಬಾಗಿಲು

ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು 44 ವರ್ಷ, ವೃತ್ತಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ, ವಾಸ ಅದೇ ಅಂಗಡಿಯ ಮೇಲಿನ ಎರಡು ಕೋಣೆಗಳ ಮನೆ, ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಅಕ್ಕ, 51 ವರ್ಷ, ನನ್ನ ಜೊತೆಯಲ್ಲೇ ವಾಸವಿದ್ದು, ಆಂಬುಲೆನ್ಸ್ ಕಚೇರಿಯಲ್ಲಿ ಫೋನ್ ಕರೆ ಸ್ವೀಕರಿಸುವ ಕೆಲಸ ಮಾಡುತ್ತಾರೆ. ಏಳು ತಿಂಗಳ ಹಿಂದೆ ಒಂದು ಕರೆಯಲ್ಲಿ ರಸ್ತೆಯ ಹೆಸರು ತಪ್ಪಾಗಿ ಕೇಳಿಸಿ, ವಾಹನ 11 ನಿಮಿಷ ತಡವಾಗಿ, ಒಬ್ಬ ಹೆಂಗಸು ತೀರಿಕೊಂಡರು. ವಿಚಾರಣೆಯಲ್ಲಿ ಅಕ್ಕನ ತಪ್ಪಿಲ್ಲವೆಂದು ತೀರ್ಮಾನವಾಯಿತು. ಅಕ್ಕ ಆ ತೀರ್ಮಾನವನ್ನು ಒಪ್ಪಲಿಲ್ಲ.

ನಂತರ ಅವರು ನಮ್ಮ ಮನೆಯಿಂದ 400 ಮೀಟರ್ ದೂರದ ಧ್ಯಾನಗೃಹಕ್ಕೆ ಹೋಗತೊಡಗಿದರು. ಅದನ್ನು ನಡೆಸುವ ಸ್ವಾಮಿಯೊಬ್ಬರನ್ನು ಎಲ್ಲರೂ ಮೌನಿಗಳು ಎನ್ನುತ್ತಾರೆ. ಹೆಸರಿಗೆ ಮೌನಿಗಳು, ಮಾತು ಅರಳು ಹುರಿದಂತೆ. ದೇಹವನ್ನು ದಂಡಿಸಿದರೆ ಸತ್ತವರ ಸಂಕಟ ಕರಗುತ್ತದೆಂದು ಅವರು ಹೇಳಿದ್ದಾಗಿ ಅಕ್ಕ ನನಗೆ ತಿಳಿಸಿದರು. ಮೊದಲು ಒಂದು ಹೊತ್ತಿನ ಊಟ ಬಿಟ್ಟರು. ಆಮೇಲೆ ಹಾಸಿಗೆ ಬಿಟ್ಟು ಬರೀ ನೆಲದ ಮೇಲೆ ಮಲಗಿದರು. ಈ ತಿಂಗಳ 3ರಂದು ರಜೆ ಹಾಕಿ, ಧ್ಯಾನಗೃಹದ ಹಿಂದಿನ ಕೋಣೆ ಸೇರಿ ಒಳಗಿನಿಂದ ಚಿಲಕ ಹಾಕಿಕೊಂಡರು. ಹದಿನಾಲ್ಕು ದಿನ ನೀರು ಮಾತ್ರ ಎಂದು ಸಂಕಲ್ಪ.

ನಾನು ದಿನಕ್ಕೆ ಎರಡು ಸಲ ಹೋಗಿ ಬಾಗಿಲು ತಟ್ಟುತ್ತಿದ್ದೆ. ಅಕ್ಕ ಒಳಗಿನಿಂದ ಒಂದು ಸಲ ತಟ್ಟುತ್ತಿದ್ದರು. ಆ ವಾರ ಅಂಗಡಿಯಲ್ಲಿ ನನ್ನಿಂದ ಮೂರು ಗಾಜು ಒಡೆದವು.

14ರಂದು ಬೆಳಿಗ್ಗೆ 10.20ಕ್ಕೆ ತಟ್ಟಿದಾಗ ಉತ್ತರ ಬರಲಿಲ್ಲ. ಐದು ಸಲ ತಟ್ಟಿದೆ. ಮೌನಿಗಳು ಬಂದು, ಅಕ್ಕ ಧ್ಯಾನದ ಆಳಕ್ಕೆ ಇಳಿದಿದ್ದಾರೆ, ಕಲಕಬಾರದು ಎಂದರು.

"ಸಾಯ್ತಿದ್ದಾಳೆ ಸ್ವಾಮಿ ನಮ್ಮಕ್ಕ. ನಿಮ್ದು ಬೆಳಿಗ್ಗೆ ತಿಂಡಿ ಆಯ್ತಾ?" ಎಂದು ಕೇಳಿದೆ.

10.26ಕ್ಕೆ ಅಲ್ಲಿದ್ದ ಕಬ್ಬಿಣದ ಸ್ಟೂಲಿನಿಂದ ಬಾಗಿಲಿಗೆ ನಾಲ್ಕು ಸಲ ಹೊಡೆದೆ. ಅಡ್ಡ ಬಂದ ಮೌನಿಗಳ ಭುಜಕ್ಕೆ ಪೆಟ್ಟಾದದ್ದು ನಿಜ. ಚಿಲಕ ಕಿತ್ತು ಬಂತು; ಒಳಗೆ ಅಕ್ಕ ಗೋಡೆಗೆ ಒರಗಿದ್ದರು. ಕಣ್ಣು ಅರ್ಧ ತೆರೆದಿತ್ತು, ತುಟಿ ಬಿರಿದಿತ್ತು. ಚಿಕ್ಕವನಿದ್ದಾಗ ನನ್ನನ್ನು ಕಂಕುಳಲ್ಲಿ ಹೊತ್ತು ತಿರುಗಿದವರು, ಎತ್ತಿಕೊಂಡರೆ ಭಾರವೇ ಇರಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿ ತೊದಲುತ್ತಾ ವಿಳಾಸ ಹೇಳುವಾಗ ಅಕ್ಕ ನನ್ನ ಅಂಗಿ ಎಳೆದು, "ನಿಧಾನಕ್ಕೆ ಹೇಳೋ" ಎಂದರು. ವಾಹನ 10.41ಕ್ಕೆ ಬಂತು.

ಮೂತ್ರಪಿಂಡ ಉಳಿಯುವುದೋ ಇಲ್ಲವೋ ಇನ್ನೊಂದು ವಾರ ನೋಡಬೇಕೆಂದು ವೈದ್ಯರು ತಿಳಿಸಿದ್ದಾರೆ. 16ರಂದು ಅಕ್ಕ, "ಇನ್ನೆರಡು ದಿನ ಇತ್ತು. ನಿನಗ್ಯಾರು ಹೇಳಿದ್ರು ಒಡಿಯೋಕೆ?" ಎಂದು ಕೇಳಿ ಮುಖ ತಿರುಗಿಸಿದರು. ಅಂದಿನಿಂದ ನರ್ಸ್ ತಿನ್ನಿಸಿದರೆ ತಿನ್ನುತ್ತಾರೆ. ನಾನು ಚಮಚ ಹಿಡಿದರೆ ಬಾಯಿ ತೆರೆಯುವುದಿಲ್ಲ.

ಬಾಗಿಲು ಒಡೆದದ್ದು, ಭುಜಕ್ಕೆ ಪೆಟ್ಟಾದದ್ದು, ಮೌನಿಗಳು ಕೊಟ್ಟ ದೂರಿನಲ್ಲಿರುವ ಈ ಎರಡು ಸಂಗತಿಗಳನ್ನೂ ಒಪ್ಪುತ್ತೇನೆ. ಅಕ್ಕನ ಭಕ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅವರು ಮತ್ತೆ ಚಿಲಕ ಹಾಕಿಕೊಂಡರೆ ನಾನು ಮತ್ತೆ ಒಡೆಯುತ್ತೇನೆ. ಈ ಮಾತು ಬೇಡ, ನಿನಗೇ ತೊಂದರೆ ಎಂದು ಬರೆದುಕೊಳ್ಳುತ್ತಿದ್ದ ಪೇದೆಯವರು ಎರಡು ಸಲ ಹೇಳಿದರು. ನಾನೇ ಒತ್ತಾಯ ಮಾಡಿ ಬರೆಸಿದ್ದೇನೆ.

ಇದನ್ನು ನನಗೆ ಓದಿ ಹೇಳಲಾಗಿದ್ದು, ನಾನು ಹೇಳಿದಂತೆಯೇ ಇದೆ; ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಈ ತಿಂಗಳ 18, ಮಧ್ಯಾಹ್ನ 3.40
ಸಹಿ: (ಹೇಳಿಕೆ ಕೊಟ್ಟವರು)